ಹೆಸರು ಕಟ್ಟಿ ಕರೆದರೆ ವೇರಿಯಬಲ್ ಓಗೊಡುತ್ತದೆಯೇ?

ಮಾರ್ಕ್1, ಮಾರ್ಕ್2, ಮಾರ್ಕ್3 ಎಂದು ಮೂವತ್ತು ವೇರಿಯಬಲ್‌ಗಳನ್ನು ಒಂದರ ಕೆಳಗೊಂದು ಬರೆದ ಹುಡುಗಿ, ಅವನ್ನು ಲೂಪ್‌ನಲ್ಲಿ ಓದಲು ಹೋಗಿ ಅಲ್ಲೇ ನಿಂತುಬಿಟ್ಟಿದ್ದಳು. "ಮಾರ್ಕ್" ಎಂಬುದಕ್ಕೆ ಲೂಪಿನ ಎಣಿಕೆ ಐ ಅನ್ನು ಅಂಟಿಸಿ ಪ್ರಿಂಟ್ ಕೊಟ್ಟಿದ್ದಳು. ಪರದೆಯ ಮೇಲೆ ಮೂಡಿದ್ದು ಅಂಕವಲ್ಲ, ಮಾರ್ಕ್7 ಎಂಬ ಅಕ್ಷರಗಳೇ. "ಸರ್, ಹೆಸರು ಸರಿಯಾಗೇ ಇದೆ. ಒಳಗಿರೋ ಅಂಕ ಯಾಕೆ ಬರ್ತಿಲ್ಲ?"

ಕೇಳಲೇಬೇಕಾದ ಪ್ರಶ್ನೆ ಅದು. ಉದ್ಧರಣ ಚಿಹ್ನೆಯಿಲ್ಲದೆ ಬರೆದ ಮಾರ್ಕ್7 ಒಂದು ವೇರಿಯಬಲ್. ಅಂಟಿಸಿ ಮಾಡಿದ "ಮಾರ್ಕ್7" ಬರೀ ಸ್ಟ್ರಿಂಗ್. ನೋಡಲು ಒಂದೇ ಆದರೂ ಕಂಪ್ಯೂಟರಿಗೆ ಇವೆರಡಕ್ಕೂ ನಂಟಿಲ್ಲ. ಆ ನಂಟು ಬೆಸೆಯುವ ದಾರಿ ಒಂದೊಂದು ಭಾಷೆಯಲ್ಲಿ ಒಂದೊಂದು ಥರ. ನಾವು ಕಲಿಯುತ್ತಿದ್ದದ್ದು ಲುವಾ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಸೇರಿ ಕಟ್ಟಿದ ಪುಟ್ಟ ಭಾಷೆ. ಪೋರ್ಚುಗೀಸ್‌ನಲ್ಲಿ ಲುವಾ ಎಂದರೆ ಚಂದ್ರ. ಈ ವಿಷಯ ಇಷ್ಟು ತಿಳಿಯಾಗಿ ಕಾಣುವ ಭಾಷೆ ನನಗಂತೂ ಬೇರೆ ಸಿಕ್ಕಿಲ್ಲ. (ಕೋಡ್ ಅನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳೇ ಬೇಕು.)

ಲುವಾದಲ್ಲಿ ಗ್ಲೋಬಲ್ ವೇರಿಯಬಲ್‌ಗಳೆಲ್ಲ ಒಂದು ಸಾಮಾನ್ಯ ಟೇಬಲ್‌ನಲ್ಲಿ ಕೂತಿರುತ್ತವೆ. ಅದರ ಹೆಸರು _ಜಿ, ಅಂದರೆ ಒಂದು ಅಂಡರ್‌ಸ್ಕೋರ್, ಪಕ್ಕದಲ್ಲಿ ದೊಡ್ಡ ಜಿ. ಹಾಗಾಗಿ ಈ ಎರಡೂ ಸಾಲು ಮಾಡುವ ಕೆಲಸ ಒಂದೇ:

ಮಾರ್ಕ್7 = 64
_ಜಿ["ಮಾರ್ಕ್7"] = 64

ಎರಡನೆಯದರಲ್ಲಿ ಹೆಸರು ಸ್ಟ್ರಿಂಗ್ ಆಗಿಯೇ ಇರುವುದರಿಂದ ಅದನ್ನು ಅಲ್ಲೇ ಜೋಡಿಸಬಹುದು. ಲುವಾದಲ್ಲಿ ಜೋಡಿಸುವ ಗುರುತು ಎರಡು ಚುಕ್ಕಿ:

ಪ್ರಿಂಟ್(_ಜಿ["ಮಾರ್ಕ್" .. ಐ])

ಅವಳು ಹೀಗೆ ಬರೆದಳು, ಮೂವತ್ತೂ ಅಂಕಗಳು ಸಾಲಾಗಿ ಇಳಿದವು. ಮುಖ ಅರಳಿತು. ಆಮೇಲೆ ವೇರಿಯಬಲ್‌ಗಳ ಮುಂದೆಲ್ಲ ಲೋಕಲ್ ಎಂದು ಸೇರಿಸಲು ಹೇಳಿದೆ. ಈ ಸಲ ಮೂವತ್ತು ಸಾಲಿನಲ್ಲೂ ನಿಲ್, ಅಂದರೆ ಏನೂ ಇಲ್ಲ.

ಲೋಕಲ್ ವೇರಿಯಬಲ್‌ಗಳು ಆ ಟೇಬಲ್‌ಗೆ ಹೋಗುವುದೇ ಇಲ್ಲ. ಕಂಪೈಲ್ ಆಗುವಾಗಲೇ ಪ್ರತಿಯೊಂದಕ್ಕೂ ಒಂದು ಜಾಗದ ಸಂಖ್ಯೆ ಗೊತ್ತಾಗುತ್ತದೆ; ಮುಂದೆ ಪ್ರೋಗ್ರಾಂ ಓಡುವುದು ಆ ಸಂಖ್ಯೆಯ ಮೇಲೆಯೇ. ಹೆಸರು ಉಳಿದರೂ ದೋಷ ಹುಡುಕುವವರ ಅನುಕೂಲಕ್ಕಾಗಿ ಮಾತ್ರ. ಲೋಕಲ್‌ಗಳು ವೇಗವಾಗಿರಲು ಇದೂ ಒಂದು ಕಾರಣ, ಹೆಸರು ಹಿಡಿದು ಹುಡುಕುವ ಕೆಲಸ ಅಲ್ಲಿಲ್ಲ. ಒಂದು ಫಂಕ್ಷನ್‌ನಲ್ಲಿ 200 ಲೋಕಲ್‌ಗಳಿಗಿಂತ ಹೆಚ್ಚು ಹಿಡಿಸುವುದೂ ಇಲ್ಲ.

ಹಾಗಾದರೆ ಎಲ್ಲವನ್ನೂ ಗ್ಲೋಬಲ್ ಮಾಡಿಬಿಡೋಣವೇ? ದಯವಿಟ್ಟು ಬೇಡ. ಪ್ರಿಂಟ್ ಎಂಬ ಫಂಕ್ಷನ್ ಕೂಡ ಅದೇ _ಜಿ ಒಳಗಿದೆ. ವಿದ್ಯಾರ್ಥಿಯ ಹೆಸರು ಕೇಳಿ, ಆ ಹೆಸರಿನಲ್ಲೇ _ಜಿಗೆ ಅಂಕ ತುಂಬುವ ಪ್ರೋಗ್ರಾಂ ಬರೆದಿರಿ ಎನ್ನಿ. ಯಾರೋ ಹೆಸರಿನ ಜಾಗದಲ್ಲಿ "ಪ್ರಿಂಟ್" ಎಂದು ಟೈಪ್ ಮಾಡಿದರೆ ಸಾಕು, ಫಂಕ್ಷನ್ ಅಳಿಸಿಹೋಗಿ ಅಲ್ಲಿ 50 ಎಂಬ ಅಂಕ ಕೂರುತ್ತದೆ. ಮುಂದಿನ ಪ್ರಿಂಟ್ ಸಾಲಿಗೆ ಬಂದಾಗ, ಸಂಖ್ಯೆಯನ್ನು ಫಂಕ್ಷನ್‌ನಂತೆ ಕರೆಯಲಾಗದು ಎಂಬ ಎರರ್.

ನಮ್ಮದೇ ಒಂದು ಟೇಬಲ್ ಮಾಡಿಕೊಂಡರೆ ಈ ತಾಪತ್ರಯವೇ ಇಲ್ಲ:

ಮಾರ್ಕ್ = {}
ಮಾರ್ಕ್[7] = 64

ಮೂವತ್ತು ಹೆಸರುಗಳ ಬದಲು ಒಂದೇ ಹೆಸರು, ಮೂವತ್ತು ಮನೆ. ಇದರ ಮುಂದೆ ಲೋಕಲ್ ಹಾಕಿದರೂ ಕೆಲಸ ನಿಲ್ಲದು. ಒಂದು ಎಚ್ಚರ: ಮಾರ್ಕ್[ಐ] ಎಂದರೆ ಐ ಒಳಗಿರುವ ಸಂಖ್ಯೆಯ ಮನೆ, ಮಾರ್ಕ್.ಐ ಎಂದರೆ "ಐ" ಎಂಬ ಅಕ್ಷರದ ಮನೆ. ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಲುವಾದ ವೇರಿಯಬಲ್ ಹೆಸರಿಗೆ ಕನ್ನಡ ಅಕ್ಷರ ಸಲ್ಲದು, ಆದರೆ ಟೇಬಲ್‌ನ ಕೀ ಆಗಿ ಯಾವ ಸ್ಟ್ರಿಂಗ್ ಆದರೂ ಸರಿ. ಮಾರ್ಕ್["ಕೊಟ್ರೇಶ"] = 72 ಎಂದು ಅಪ್ಪಟ ಕನ್ನಡದಲ್ಲೇ ಇಡಬಹುದು. ಇಟ್ಟದ್ದು ಮತ್ತೆ ಸಿಗದಿದ್ದರೆ "ಕೊ" ಮೇಲೆ ಕಣ್ಣಿಡಿ. ಯೂನಿಕೋಡ್‌ನಲ್ಲಿ ಒ-ಕಾರದ ಗುಣಿತಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಬೇರೆ. ಲುವಾ ಹೋಲಿಸುವುದು ಬೈಟ್‌ಗಳನ್ನೇ, ಆದ್ದರಿಂದ ಒಂದು ಕೀಬೋರ್ಡ್‌ನಲ್ಲಿ ಬರೆದಿಟ್ಟ ಕೊಟ್ರೇಶನನ್ನು ಇನ್ನೊಂದರಲ್ಲಿ ಹುಡುಕಿದರೆ ನಿಲ್ ಬರಬಹುದು. ಅದಕ್ಕೇ ನಮ್ಮ ತರಗತಿಯ ಪ್ರೋಗ್ರಾಂನಲ್ಲಿ ಹೆಸರುಗಳನ್ನು ಒಮ್ಮೆ ಮಾತ್ರ ಟೈಪ್ ಮಾಡಿ ಪಟ್ಟಿಯಲ್ಲಿಟ್ಟಿದ್ದೇವೆ. ಅಂಕ ತುಂಬುವವರು ಪಟ್ಟಿಯ ಕ್ರಮಸಂಖ್ಯೆ ಒತ್ತುತ್ತಾರೆ.