ಸಾಂಕ್ರಾಮಿಕ ಜಾಡ್ಯದ ಕಾಲದಲ್ಲಿ ದೇಶಾಂತರ ಸರಕು ಸಾಗಣೆ

ಬೆಳೆಯನ್ನು ಕೊಯ್ದು, ಕಣ ಮಾಡಿ, ಮೂಟೆ ಕಟ್ಟಿದೊಡನೆ ತಮ್ಮ ಕೆಲಸವು ಮುಗಿಯಿತೆಂದು ಹಿಡುವಳಿದಾರರು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿಯಲ್ಲಿ ಹೆಚ್ಚಿನ ಭಾಗವು ಸಮುದ್ರದಾಚೆಯ ದೇಶಗಳಲ್ಲಿ, ಅದರಲ್ಲಿಯೂ ಮುಖ್ಯವಾಗಿ ಇಟಲಿಯಲ್ಲಿ, ಮಾರಾಟವಾಗತಕ್ಕುದು. ಹೊಲಗದ್ದೆಗಳಿಗೆ ಹಾಕುವ ಪೊಟ್ಯಾಷ್ ಗೊಬ್ಬರವಾದರೋ ಕೆನಡಾ, ರಷ್ಯಾ, ಜೋರ್ಡಾನ್ ಮೊದಲಾದ ದೇಶಗಳಿಂದ ಹಡಗಿನಲ್ಲಿಯೇ ಬರತಕ್ಕುದು. ಆದಕಾರಣ ದೂರದ ಯಾವುದೋ ರೇವಿನಲ್ಲಿ ಹಡಗು ನಿಂತರೆ ಅದರ ನಷ್ಟವು ಇಲ್ಲಿನ ಕಣಜವನ್ನೂ ತಾಕದೆ ಇರುವುದಿಲ್ಲ. ಈ ಸಂಗತಿಯು 2020ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಎಲ್ಲರ ಅನುಭವಕ್ಕೂ ಬಂದಿತು.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಜನವರಿ 30ರಂದು ಕೊರೋನ ಜಾಡ್ಯವನ್ನು ಅಂತರರಾಷ್ಟ್ರೀಯ ತುರ್ತು ಪರಿಸ್ಥಿತಿಯೆಂದು ಸಾರಿತು. ಭಾರತದಲ್ಲಿ ಅದೇ ವರ್ಷದ ಮಾರ್ಚ್ 25ರಿಂದ ಜನಸಂಚಾರವು ನಿರ್ಬಂಧಿಸಲ್ಪಟ್ಟಿತು. ತುರ್ತು ಪರಿಸ್ಥಿತಿಯು ಮುಗಿಯಿತೆಂಬ ಪ್ರಕಟಣೆಯು ಬಂದದ್ದು 2023ರ ಮೇ 5ರಂದು. ಈ ಅವಧಿಯಲ್ಲಿ ಸರಕು ಸಾಗಣೆಯು ಎಲ್ಲಿ ನಿಂತಿತು, ಏಕೆ ನಿಂತಿತು, ಹೇಗೆ ಪುನಃ ನಡೆಯಿತು ಎಂಬುದನ್ನು ತಿಳಿದಿರುವುದು ಗ್ರಾಮದ ಮುಖಂಡರಿಗೆ ಮುಂದೆಯೂ ಪ್ರಯೋಜನಕರವಾಗಿರುವುದು.

ಹಿಂದಿನ ಕಾಲದ ಪದ್ಧತಿ

ಜಾಡ್ಯಕ್ಕೂ ವ್ಯಾಪಾರಕ್ಕೂ ಇರುವ ಈ ತೊಡಕು ಹೊಸದಲ್ಲ. ಏಡ್ರಿಯಾಟಿಕ್ ಸಮುದ್ರ ತೀರದ ರಗೂಸಾ ಪಟ್ಟಣದವರು 1377ರಲ್ಲಿ, ಪ್ಲೇಗು ಇರುವ ಸೀಮೆಯಿಂದ ಬಂದವರು 30 ದಿವಸ ಬೇರೆ ಸ್ಥಳದಲ್ಲಿದ್ದು ಅನಂತರ ಪಟ್ಟಣವನ್ನು ಪ್ರವೇಶಿಸಬೇಕೆಂದು ಕಟ್ಟಳೆ ಮಾಡಿದರು. ಈ ಅವಧಿಯು ಕ್ರಮೇಣ 40 ದಿವಸಗಳಾಯಿತು. ಇಟಲಿಯವರ ಭಾಷೆಯಲ್ಲಿ ನಲವತ್ತು ಎಂಬ ಅರ್ಥದ ಮಾತಿನಿಂದಲೇ ಕ್ವಾರಂಟೈನ್ ಎಂಬ ಹೆಸರು ಹುಟ್ಟಿತು. ಪಟ್ಟಣದ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿದರೆ ವ್ಯಾಪಾರಿಗಳ ಪಟ್ಟಣವು ಬದುಕಲಾರದೆಂಬುದನ್ನು ಅರಿತು, ಜನರನ್ನು ಪ್ರತ್ಯೇಕಿಸಿ ವ್ಯಾಪಾರವನ್ನು ಉಳಿಸಿಕೊಳ್ಳುವ ಉಪಾಯವನ್ನು ಅವರು ಕಂಡುಕೊಂಡರು.

1896ರಲ್ಲಿ ಮುಂಬಯಿಯಲ್ಲಿಯೂ 1898ರಲ್ಲಿ ಬೆಂಗಳೂರಿನಲ್ಲಿಯೂ ಪ್ಲೇಗು ತಲೆದೋರಿದುದು ಹಿರಿಯರ ಬಾಯಿಂದ ಅನೇಕರು ಕೇಳಿರತಕ್ಕ ವಿಷಯ. ಮುಂಬಯಿಯ ಪ್ಲೇಗಿಗೆ ಹೆದರಿದ ಯೂರೋಪಿನ ರಾಜ್ಯಗಳು 1897ರಲ್ಲಿ ವೆನಿಸ್ ನಗರದಲ್ಲಿ ಸಭೆ ಸೇರಿ ಹಡಗುಗಳ ತಪಾಸಣೆಗೆ ನಿಬಂಧನೆಗಳನ್ನು ಮಾಡಿಕೊಂಡವು. ಈಗ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಆರೋಗ್ಯ ನಿಬಂಧನೆಗಳು 2005ರಲ್ಲಿ ಅಂಗೀಕೃತವಾಗಿ 2007ರಲ್ಲಿ ಜಾರಿಗೆ ಬಂದವು. ಜಾಡ್ಯವನ್ನು ತಡೆಯುವುದರೊಡನೆ ಸಂಚಾರಕ್ಕೂ ವ್ಯಾಪಾರಕ್ಕೂ ಅನಾವಶ್ಯಕವಾದ ಅಡ್ಡಿಯನ್ನು ಮಾಡಕೂಡದೆಂಬುದೇ ಇವುಗಳ ಉದ್ದೇಶ.

ನಾವಿಕರ ಸಂಕಟ

ಪ್ರಪಂಚದ ವ್ಯಾಪಾರದ ಸರಕಿನಲ್ಲಿ, ತೂಕದ ಲೆಕ್ಕದಿಂದ, ಐದರಲ್ಲಿ ನಾಲ್ಕು ಪಾಲಿನಷ್ಟು ಸಮುದ್ರದ ಮೇಲೆಯೇ ಸಾಗುವುದು. ಈ ಹಡಗುಗಳನ್ನು ನಡೆಸುವವರ ಸಂಖ್ಯೆಯು 2021ರ ಅಂದಾಜಿನಂತೆ ಸುಮಾರು 19 ಲಕ್ಷ ಮಾತ್ರ. ಅವರನ್ನು ಹೆಚ್ಚಾಗಿ ಒದಗಿಸುವ ಐದು ದೇಶಗಳಲ್ಲಿ ಭಾರತವೂ ಒಂದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮಗನೋ ಅಳಿಯನೋ ಹಡಗಿನ ಕೆಲಸದಲ್ಲಿರುವ ಮನೆಗಳು ಅನೇಕ.

ನಾವಿಕನು ಕೆಲವು ತಿಂಗಳ ಕರಾರಿನ ಮೇಲೆ ಹಡಗನ್ನು ಹತ್ತುವನು. ಅವಧಿ ಮುಗಿದೊಡನೆ ಯಾವುದಾದರೊಂದು ರೇವಿನಲ್ಲಿ ಇಳಿದು, ವಿಮಾನದಲ್ಲಿ ಮನೆಗೆ ಹೋಗುವನು. ಬದಲಿನವನು ಅಲ್ಲಿಯೇ ಹತ್ತುವನು. ಒಂದೇ ಸಮನೆ ಹನ್ನೆರಡು ತಿಂಗಳು ಯಾರನ್ನೂ ಹಡಗಿನಲ್ಲಿರಿಸಿಕೊಳ್ಳಕೂಡದೆಂಬುದು ನಾವಿಕರ ಕೆಲಸದ ಬಗೆಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯ ತತ್ತ್ವ. 2020ರಲ್ಲಿ ಬಹುಪಾಲು ರೇವುಗಳು ಸರಕನ್ನು ಇಳಿಸಿಕೊಂಡವು. ಆದರೆ ಸರಕನ್ನು ತಂದವನನ್ನು ಮಾತ್ರ ನೆಲಕ್ಕೆ ಇಳಿಯಗೊಡಲಿಲ್ಲ. ವಿಮಾನಗಳೂ ನಿಂತುಹೋದುವು. ಆ ವರ್ಷದ ಕೊನೆಯ ವೇಳೆಗೆ ಸುಮಾರು 4 ಲಕ್ಷ ಜನ ಅವಧಿ ಮೀರಿ ಹಡಗುಗಳಲ್ಲಿ ಸಿಕ್ಕಿಕೊಂಡಿದ್ದರು. ಅಷ್ಟೇ ಜನ ಬದಲಿನವರು ಮನೆಗಳಲ್ಲಿ ಸಂಪಾದನೆಯಿಲ್ಲದೆ ಕಾದಿದ್ದರು. ಕೆಲವರು ಒಂದೂವರೆ ವರ್ಷದ ಹತ್ತಿರದವರೆಗೆ ನೆಲವನ್ನೇ ಮೆಟ್ಟಲಿಲ್ಲ. ಬಿಡುವಿಲ್ಲದೆ ಗೇಯುವ ಎತ್ತು ಎಲ್ಲಿ ಕುಸಿಯುವುದೋ ಹೇಳಲಾಗದು. ಹಾಗೆಯೇ ದಣಿದ ನಾವಿಕನ ಕೈಯಲ್ಲಿರುವ ಹಡಗೂ ಅಪಾಯಕ್ಕೆ ಈಡಾದುದೇ ಸರಿ.

ಭಾರತ ಸರ್ಕಾರವು 2020ರ ಏಪ್ರಿಲ್ 21ರಂದು, ಪರೀಕ್ಷೆ ಮತ್ತು ಪ್ರತ್ಯೇಕ ವಾಸದ ನಿಯಮಗಳಿಗೆ ಒಳಪಟ್ಟು, ಭಾರತೀಯ ನಾವಿಕರು ಈ ದೇಶದ ರೇವುಗಳಲ್ಲಿ ಇಳಿಯಲೂ ಹತ್ತಲೂ ಅನುಮತಿಯನ್ನು ಕೊಟ್ಟಿತು. ನಾವಿಕರನ್ನು ಅತ್ಯಾವಶ್ಯಕ ಕೆಲಸಗಾರರೆಂದು ಎಲ್ಲ ರಾಜ್ಯಗಳೂ ಎಣಿಸಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯು ಅದೇ ವರ್ಷದ ಡಿಸೆಂಬರ್ 1ರಂದು ನಿರ್ಣಯಿಸಿತು. ಇಂಥ ಏರ್ಪಾಡುಗಳಾದಲ್ಲಿ ಹಡಗುಗಳಿಗೆ ಹೊಸ ಕೈಗಳು ದೊರೆತವು.

ಹಮಾಲಿಗಳು ಮತ್ತು ಖಾಲಿ ಪೆಟ್ಟಿಗೆಗಳು

ಎರಡನೆಯ ತೊಡಕು ರೇವಿನ ದಡದಲ್ಲಿ ಕಂಡುಬಂದಿತು. ಪ್ರಪಂಚದಲ್ಲಿ ಅತ್ಯಂತ ಹೆಚ್ಚಾಗಿ ಅಕ್ಕಿಯನ್ನು ಹೊರಕ್ಕೆ ಕಳುಹಿಸತಕ್ಕ ದೇಶವು ಭಾರತ. 2020ರ ಏಪ್ರಿಲ್ ಮೊದಲಲ್ಲಿ ಹೊರದೇಶಗಳಿಂದ ಅಕ್ಕಿಗೆ ಬೇಡಿಕೆಯಿದ್ದರೂ ಗಿರಣಿಗಳಲ್ಲಿಯೂ ರೇವುಗಳಲ್ಲಿಯೂ ಕೂಲಿಯಾಳುಗಳಿಲ್ಲದೆ, ಲಾರಿಗಳಿಗೆ ಚಾಲಕರಿಲ್ಲದೆ, ವರ್ತಕರು ಹೊಸ ಕರಾರುಗಳನ್ನೇ ನಿಲ್ಲಿಸಿದರು. ಆಳುಗಳು ಹಿಂದಿರುಗಿದ ಬಳಿಕ ಸ್ಥಿತಿಯು ಬದಲಾಯಿತು. 2019-20ರಲ್ಲಿ ಸುಮಾರು 95 ಲಕ್ಷ ಟನ್ನುಗಳಷ್ಟಿದ್ದ ಅಕ್ಕಿಯ ರಫ್ತು 2020-21ರಲ್ಲಿ ಸುಮಾರು 177 ಲಕ್ಷ ಟನ್ನುಗಳಿಗೆ ಏರಿತು. ಧಾನ್ಯವೂ ಹಡಗೂ ಮೊದಲೂ ಇದ್ದುವು. ಇಲ್ಲದಿದ್ದುದು ಮೂಟೆಯನ್ನು ಹೊರುವ ಹೆಗಲು ಮಾತ್ರ.

ಮೂರನೆಯದು ಕಂಟೇನರ್ ಎಂಬ ಉಕ್ಕಿನ ಪೆಟ್ಟಿಗೆಗಳ ಅಭಾವ. ಇಪ್ಪತ್ತು ಅಡಿ ಉದ್ದದ ಒಂದು ಪೆಟ್ಟಿಗೆಯಲ್ಲಿ 60 ಕಿಲೋಗ್ರಾಂ ತೂಕದ ಕಾಫಿ ಮೂಟೆಗಳು ಸುಮಾರು 320 ಹಿಡಿಸುವುವು. ಇವು ಸರಕಿನೊಡನೆ ಹೋಗಿ, ಖಾಲಿಯಾಗಿಯೋ ಬೇರೆ ಸರಕಿನೊಡನೆಯೋ ಹಿಂದಿರುಗಿದರೆ ಮಾತ್ರ ವ್ಯಾಪಾರವು ನಡೆಯುವುದು. 2020ರ ಉತ್ತರಾರ್ಧದಲ್ಲಿ ಅಮೆರಿಕದವರು ಚೀನಾದಿಂದ ಸಾಮಾನುಗಳನ್ನು ವಿಪರೀತವಾಗಿ ತರಿಸಿಕೊಂಡುದರಿಂದ ಪೆಟ್ಟಿಗೆಗಳು ಅಲ್ಲಿಯೇ ರಾಶಿಬಿದ್ದುವು. 2021ರ ಆಗಸ್ಟ್ ತಿಂಗಳಲ್ಲಿ ಚೀನಾದ ನಿಂಗ್ಬೋ ರೇವಿನಲ್ಲಿ ಒಬ್ಬ ಕೆಲಸಗಾರನಿಗೆ ಸೋಂಕು ಕಂಡಿತೆಂದು ಅಲ್ಲಿನ ಒಂದು ಕಟ್ಟೆಯನ್ನು ಸುಮಾರು ಎರಡು ವಾರ ಮುಚ್ಚಿದರು. ಸಾಗಣೆಯ ದರವು ಹಿಂದಿನ ದರದ ಹಲವು ಪಟ್ಟಾಯಿತು. ಆ ವರ್ಷ ಇಲ್ಲಿನ ಕಾಫಿ ರಫ್ತುದಾರರು ಪೆಟ್ಟಿಗೆಗಾಗಿ ಕಾಯಬೇಕಾಯಿತು. ಇಂಥ ಹೆಚ್ಚಿನ ವೆಚ್ಚದಲ್ಲಿ ಒಂದು ಪಾಲು ಕಡೆಗೆ ಬೆಳೆಗಾರನ ಕೈಸೇರುವ ಬೆಲೆಯಿಂದಲೇ ಕಳೆಯುವುದು.

ಗಡಿಗಳಲ್ಲಿ ಲಾರಿಗಳು

ಭೂಮಾರ್ಗದಲ್ಲಿಯೂ ಇದೇ ಪಾಠ. ಆಫ್ರಿಕದ ಕೆನ್ಯಾ ಮತ್ತು ಉಗಾಂಡ ದೇಶಗಳ ನಡುವೆ ಮಲಾಬ ಎಂಬ ಗಡಿಯಲ್ಲಿ 2020ರಲ್ಲಿ ಪ್ರತಿಯೊಬ್ಬ ಚಾಲಕನನ್ನೂ ಗಡಿಯಲ್ಲಿಯೇ ಪರೀಕ್ಷಿಸತೊಡಗಿದುದರಿಂದ ಲಾರಿಗಳು ಅನೇಕ ಮೈಲಿಗಳ ಉದ್ದಕ್ಕೆ ದಿನಗಟ್ಟಲೆ ನಿಂತುವು. ಅನಂತರ ಹೊರಡುವ ಸ್ಥಳದಲ್ಲಿಯೇ ಪರೀಕ್ಷೆ ಮಾಡಿ, ಆ ಯೋಗ್ಯತಾ ಪತ್ರವನ್ನು ನೆರೆಯ ದೇಶಗಳೆಲ್ಲವೂ ಒಪ್ಪುವ ಏರ್ಪಾಡನ್ನು ತಂದರು. ಯೂರೋಪಿನ ಒಕ್ಕೂಟವು 2020ರ ಮಾರ್ಚ್ 23ರಂದು, ಸರಕಿನ ಲಾರಿಗಳಿಗೆ ಪ್ರತ್ಯೇಕ ದಾರಿಯನ್ನು ಬಿಟ್ಟು, ಗಡಿಯ ತಪಾಸಣೆಯು 15 ನಿಮಿಷಗಳಿಗೆ ಮೀರದಂತೆ ನಡೆಸಬೇಕೆಂದು ತನ್ನ ರಾಜ್ಯಗಳಿಗೆ ಸೂಚಿಸಿತು.

ಇದೇ ಸಮಯದಲ್ಲಿ ಈ ನಾಡಿನ ಅನೇಕ ಗ್ರಾಮಗಳ ದಾರಿಗಳಿಗೆ ಮುಳ್ಳುಬೇಲಿಯನ್ನು ಎಳೆದುದೂ, ಕೆಲವೆಡೆ ರಸ್ತೆಯನ್ನು ಅಗೆದುದೂ ಎಲ್ಲರಿಗೂ ತಿಳಿದೇ ಇದೆ. ಊರಿನ ಪ್ರಾಣರಕ್ಷಣೆಯ ಕಳವಳದಿಂದಲೇ ಹಾಗೆ ಮಾಡಿದರೆಂಬುದು ನಿಜ. ಆದರೆ ಆ ಬೇಲಿಯು ಜಾಡ್ಯದೊಡನೆ ತರಕಾರಿಯ ಗಾಡಿಯನ್ನೂ, ಗೊಬ್ಬರದ ಲಾರಿಯನ್ನೂ, ಹೆರಿಗೆಗೆ ಹೊರಟವಳನ್ನೂ ತಡೆಯತಕ್ಕುದು. ಈ ಜಾಡ್ಯವು ಮುಖ್ಯವಾಗಿ ಮನುಷ್ಯರ ಉಸಿರಿನಿಂದ ಮನುಷ್ಯರಿಗೆ ಹರಡುವುದೆಂದೂ, ಮೂಟೆ ಪೆಟ್ಟಿಗೆಗಳಿಂದ ಹರಡುವ ಸಂಭವವು ಬಹು ಕಡಮೆಯೆಂದೂ ಈಗ ಸ್ಥಿರಪಟ್ಟಿದೆ.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು

1. ಜಾಡ್ಯದ ಕಾಲದಲ್ಲಿ ಸರಕಿನ ದಾರಿಯನ್ನು ಮುಚ್ಚಕೂಡದು. ತಪಾಸಣೆ ಬೇಕಾದರೆ ಊರ ಹೊರಗೆ ಒಂದೇ ಸ್ಥಳದಲ್ಲಿ, ಅಧಿಕಾರಿಗಳ ಅಪ್ಪಣೆಯಂತೆ, ತಡವಿಲ್ಲದೆ ನಡೆಸಬೇಕು.

2. ಸರಕನ್ನು ತುಂಬುವ ಸ್ಥಳವು ವಾಸದ ಮನೆಗಳಿಂದ ದೂರವಾಗಿ, ಗಾಳಿಯಾಡುವಂತೆ ಇರಬೇಕು. ಊರಿನ ಆಳುಗಳೇ ತುಂಬಲಿ. ಚಾಲಕನು ಅವರೊಡನೆ ಬೆರೆಯದಿರಲಿ.

3. ಚಾಲಕನಿಗೆ ಕುಡಿಯುವ ನೀರು, ಊಟ, ಶೌಚಕ್ಕೆ ಸ್ಥಳ, ಸ್ವಲ್ಪ ಹೊತ್ತಿನ ವಿಶ್ರಾಂತಿ ಇವನ್ನು ಒದಗಿಸಬೇಕು. 2020ರಲ್ಲಿ ಹೆದ್ದಾರಿಯ ಊಟದ ಮನೆಗಳು ಮುಚ್ಚಿದಾಗ ಹಸಿವಿನಿಂದಲೇ ಲಾರಿ ನಡೆಸಿದವರುಂಟು.

4. ಸಾಗಣೆಯು ತಡವಾಗಬಹುದೆಂದು ಎಣಿಸಿ, ಧಾನ್ಯವನ್ನು ಚೆನ್ನಾಗಿ ಒಣಗಿಸಿಡಬೇಕು. ಭತ್ತದ ತೇವವು ಶೇಕಡ 14ಕ್ಕೆ ಮೀರಿದರೆ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುವ ಭಯವುಂಟು.

5. ಹೊರದೇಶದಿಂದ ಬರುವ ಗೊಬ್ಬರಗಳ ಬಗೆಗೆ ಬಿತ್ತನೆಯ ಕಾಲದವರೆಗೆ ಕಾಯದೆ, ಸಹಕಾರ ಸಂಘದ ಮೂಲಕ ಬೇಡಿಕೆಯನ್ನು ಮುಂಚಿತವಾಗಿ ತಿಳಿಸಬೇಕು. ಸಗಣಿ ಗೊಬ್ಬರ, ಹಸುರೆಲೆ ಗೊಬ್ಬರಗಳ ತಯಾರಿಯನ್ನು ಎಂದಿಗೂ ಬಿಡಕೂಡದು.

6. ಹಡಗಿನಿಂದಲೋ ಪಟ್ಟಣದಿಂದಲೋ ಹಿಂದಿರುಗಿದವನನ್ನು, ನಿಯಮದಂತೆ ಕೆಲವು ದಿನ ಪ್ರತ್ಯೇಕವಾಗಿರಿಸುವುದು ಬೇರೆ. ಊರಿಗೇ ಸೇರಿಸದಿರುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದು ಅನ್ಯಾಯ.

ಮೇಲಿನ ಏರ್ಪಾಡುಗಳಿಗೆ ಹೆಚ್ಚಿನ ಹಣವು ಬೇಕಾಗುವುದಿಲ್ಲ. ಮುಂಚಿತವಾದ ಆಲೋಚನೆಯು ಮಾತ್ರ ಬೇಕು. ಜಾಡ್ಯವು ಬಂದ ದಿವಸ ಹೆದರಿದ ಜನರ ನಡುವೆ ಇವನ್ನೆಲ್ಲ ನಿಶ್ಚಯಿಸುವುದು ಕಷ್ಟ. ಆದುದರಿಂದ ಆರೋಗ್ಯವಾಗಿರುವ ಈ ದಿನಗಳಲ್ಲಿಯೇ ಗ್ರಾಮಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ, ತಪಾಸಣೆಯ ಸ್ಥಳವಾವುದು, ತುಂಬುವ ಕಣವಾವುದು, ಚಾಲಕನಿಗೆ ಊಟವನ್ನು ಕೊಡುವ ಮನೆ ಯಾವುದು ಎಂಬುದನ್ನು ಗೊತ್ತುಮಾಡಿ ಬರೆದಿಡುವುದು ಉತ್ತಮ. ಹಾಗೆ ಮಾಡಿದ ಗ್ರಾಮದ ಬೆಳೆಯು ಎಂಥ ಕಾಲದಲ್ಲಿಯೂ ರೇವನ್ನು ಸೇರಲು ದಾರಿಯಿರುವುದು.