ಗೋವುಗಳ ಬೆಳವಣಿಗೆಯೂ ವಂಶಗುಣವೂ

ಬಸವನಗುಡಿಯ ದೊಡ್ಡ ಬಸವಣ್ಣನ ಕಥೆಯನ್ನು ಅರಿಯದ ಹಳೆಯ ವಿದ್ಯಾರ್ಥಿನಿಯರು ನಮ್ಮಲ್ಲಿ ಯಾರೂ ಇರಲಾರರು. ಕಲ್ಲಿನ ಬಸವನು ದಿನದಿನಕ್ಕೂ ಬೆಳೆಯುತ್ತಿದ್ದನೆಂದೂ, ನೆತ್ತಿಯ ಮೇಲೆ ತ್ರಿಶೂಲವನ್ನು ನೆಟ್ಟ ಮೇಲೆ ಬೆಳವಣಿಗೆಯು ನಿಂತಿತೆಂದೂ ಹಿರಿಯರು ಹೇಳುವರು. ಒಂದು ವರ್ಷ ಕಡಲೆಕಾಯಿ ಪರಿಷೆಯ ಮರುದಿನ ಈ ಕಥೆಯು ತರಗತಿಯಲ್ಲಿ ಬಂದಾಗ ಬಾಲಿಕೆಯೊಬ್ಬಳು ಎದ್ದು ನಿಂತು, "ಅಮ್ಮನವರೇ, ನಿಜವಾದ ಎತ್ತಿಗೆ ಇನ್ನು ಸಾಕು ಎಂದು ಹೇಳುವವರು ಯಾರು? ನಮ್ಮ ತೀರ್ಥಹಳ್ಳಿ ಕಡೆಯ ಹಸುಗಳಿಗೆ ಅಷ್ಟು ಬೇಗನೆ ಏಕೆ ಹೇಳಿಬಿಟ್ಟರು?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಮೇವು ಸಾಲದುದೇ ಕಾರಣವೆಂದು ನಾವು ಉತ್ತರ ಕೊಟ್ಟೆವು. ಆಕೆಯ ಮುಖವು ಬಾಡಿತು. ನಾವು ಕೊಟ್ಟ ಉತ್ತರವು ಸರಿಯಾದುದಲ್ಲವಾದುದರಿಂದ ಈಗ ಇದನ್ನು ಬರೆಯುತ್ತಿರುವೆವು.

ಪ್ರಾಣಿಯ ಮಿದುಳಿನ ತಳದಲ್ಲಿ ಪಿಟ್ಯುಟರಿ ಎಂಬ ಚಿಕ್ಕ ಗ್ರಂಥಿಯೊಂದುಂಟು. ಅದು ಸ್ರವಿಸುವ ಬೆಳವಣಿಗೆಯ ಹಾರ್ಮೋನು ರಕ್ತದೊಡನೆ ಯಕೃತ್ತನ್ನು ಸೇರಿ, ಅಲ್ಲಿಂದ ಮತ್ತೊಂದು ಪದಾರ್ಥವನ್ನು ಹೊರಡಿಸುವುದು. ಇವೆರಡರ ಪ್ರೇರಣೆಯಿಂದ ಎಲುಬೂ ಮಾಂಸಖಂಡವೂ ಬೆಳೆಯುವುವು. ಈ ಹಾರ್ಮೋನನ್ನು ಕಟ್ಟುವ ವಿಧಾನವು ಒಂದು ವಂಶವಾಹಿಯಲ್ಲಿ ಬರೆದಿರುವುದು. ಗೋವಿನ 30 ಜೊತೆ ವರ್ಣತಂತುಗಳಲ್ಲಿ 19ನೆಯದರ ಮೇಲೆ ಅದರ ಸ್ಥಾನ. ಹಾರ್ಮೋನೆಂಬುದು ಸುಮಾರು 190 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಆ ಸರದ 127ನೆಯ ಮಣಿಯು ಕೆಲವು ಹಸುಗಳಲ್ಲಿ ಲ್ಯೂಸಿನ್, ಕೆಲವುಗಳಲ್ಲಿ ವ್ಯಾಲಿನ್ ಆಗಿರುವುದು. ವಂಶವಾಹಿಯಲ್ಲಿ ಒಂದೇ ಅಕ್ಷರವು ಬದಲಾದುದರ ಫಲವಿದು. ಹಿಣಿಲುಳ್ಳ ನಮ್ಮ ದೇಶದ ತಳಿಗಳಲ್ಲಿ ಬಹುಮಟ್ಟಿಗೆ ಲ್ಯೂಸಿನ್ ಇರುವುದು. ಯೂರೋಪಿನ ತಳಿಗಳಲ್ಲಿ ಎರಡೂ ಕಾಣುವುವು.

ಗುಟ್ಟು ಸಿಕ್ಕಿತೆಂದು ಇಷ್ಟಕ್ಕೆ ಸಂತೋಷಪಡುವಂತಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಲ್ಲಿ ಸಾಕಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾದ ತಳಿಗೂ ಹಿಣಿಲುಂಟು. ಮಲೆನಾಡು ಗಿಡ್ಡಕ್ಕೂ ಉಂಟು. ಅಮೃತಮಹಲ್ ಹಸುವಿನ ತೂಕ ಸುಮಾರು 300 ಕಿಲೋಗ್ರಾಂ. ಗಿಡ್ಡದ ಹಸು 100 ಕಿಲೋಗ್ರಾಮಿಗಿಂತ ತುಸು ಹೆಚ್ಚು, ಎತ್ತರ ಸುಮಾರು ಮೂರಡಿ. ಆ ಒಂದೇ ಅಕ್ಷರದಿಂದ ಇಷ್ಟು ಅಂತರ ಬಾರದು. 2018ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ 58,265 ಗೋವುಗಳನ್ನು ಪರೀಕ್ಷಿಸಿ, ಎತ್ತರಕ್ಕೆ ಸಂಬಂಧಿಸಿದ 163 ತಾಣಗಳನ್ನು ಗುರುತಿಸಿದರು. ಅವೆಲ್ಲವೂ ಸೇರಿ ಎತ್ತರದ ವ್ಯತ್ಯಾಸದಲ್ಲಿ ಏಳರಲ್ಲೊಂದು ಪಾಲನ್ನೂ ವಿವರಿಸಲಾರದೆ ಹೋದುವು. ಮದುವೆಮನೆಯ ಅಡಿಗೆಯಂತೆ ಇದು ಹಲವು ಕೈಗಳ ಕೆಲಸ. ಒಂದೇ ವಂಶವಾಹಿಯು ಎಲ್ಲವನ್ನೂ ಬದಲಿಸುವುದು ಅಪರೂಪ. ಬೆಲ್ಜಿಯನ್ ಬ್ಲೂ ಎಂಬ ತಳಿಯಲ್ಲಿ ಮಾಂಸಖಂಡಕ್ಕೆ ಕಡಿವಾಣ ಹಾಕುವ ವಂಶವಾಹಿಯ 11 ಅಕ್ಷರಗಳು ಅಳಿಸಿಹೋಗಿ ಮೈಯೆಲ್ಲ ಉಬ್ಬಿರುವುದು. ಪಾಪ, ಅನೇಕ ತಾಯಂದಿರಿಗೆ ಶಸ್ತ್ರಕ್ರಿಯೆಯಿಲ್ಲದೆ ಹೆರಿಗೆಯಿಲ್ಲ.

ಮೇವಿನಿಂದ ಮೈ ತುಂಬುವುದು ದಿಟ. ಆದರೆ ಎಷ್ಟು ಹುರುಳಿ ಬೇಯಿಸಿಟ್ಟರೂ ಗಿಡ್ಡವು ಹಳ್ಳಿಕಾರ್ ಆಗದು. ಬಿರುಮಳೆಯ ಗುಡ್ಡಗಳಲ್ಲಿ, ಸತ್ತ್ವ ಕಡಮೆಯಾದ ಹುಲ್ಲನ್ನು ಮೇದು ಬದುಕಲು ಚಿಕ್ಕ ಮೈಯೇ ಅನುಕೂಲ. ಅಂತಹ ಮೈಯುಳ್ಳವು ಉಳಿದು ಕರು ಹಾಕಿದುವು. ಅವುಗಳ ಅಕ್ಷರಗಳೇ ತಲೆತಲಾಂತರಕ್ಕೆ ಇಳಿದುವು. ಗಿಡ್ಡವು ಹಸಿದು ಕುಗ್ಗಿದ ಹಸುವಲ್ಲ. ತನ್ನ ನಾಡಿಗೆ ತಕ್ಕ ಹಸು.

ಜೆರ್ಸಿ, ಹೋಲ್‌ಸ್ಟೀನ್ ಹೋರಿಗಳ ಸಂಕರದಿಂದ ಹಾಲು ಹೆಚ್ಚಿತು. ಮಲ್ಲೇಶ್ವರದಲ್ಲಿ ಬೆಳಿಗ್ಗೆ ಕಾಫಿ ಕುಡಿಯುವ ನಾವು ಅದನ್ನು ಹಳಿಯಲಾರೆವು. ಆದರೆ ಗಿಡ್ಡವೆಂದರೆ ಕೀಳೆಂದು ತಿಳಿದು ಮನೆಮನೆಯ ಹಸುವನ್ನೂ ಸಂಕರಿಸಿದಲ್ಲಿ, ಆ ಅಕ್ಷರಗಳು ಕರಗಿಹೋಗುವುವು. ಅವನ್ನು ಯಾವ ಹುಲ್ಲೂ ಹಿಂಡಿಯೂ ಮರಳಿ ತರಲಾರವು.

ಆ ಬಾಲಿಕೆಯು ಈಗ ತನ್ನ ಊರಿನ ಕಡೆಯಲ್ಲಿಯೇ ಸಂಸಾರ ನಡೆಸುತ್ತಿರುವಳೆಂದು ಕೇಳಿರುವೆವು. ಈ ಸಂಚಿಕೆಯು ಅವಳ ಕೈ ಸೇರಿದರೆ, ಅಂದು ನಾವು ಕೊಡಬೇಕಾಗಿದ್ದ ಉತ್ತರವು ಇದೆಂದು ತಿಳಿಯಲಿ.