ಅಯಸ್ಕಾಂತ ಅಂಟಿದರೆ ಸಾಕೆ? – ಇಂಡಕ್ಷನ್ ಒಲೆಗೆ ಬಾಳಿಕೆಯ ಸ್ಟೀಲ್ ಪಾತ್ರೆ

ಬಾಗಲಕೋಟೆ ಜಿಲ್ಲೆಯ ಗುಡೂರಿನಲ್ಲಾಗಲಿ, ಆಸುಪಾಸಿನ ಇಳಕಲ್ಲ, ಹುನಗುಂದ, ಬಾದಾಮಿಗಳಲ್ಲಾಗಲಿ ಸ್ಟೀಲ್ ಪಾತ್ರೆ ಕೊಳ್ಳುವವರಿಗೆ ಒಂದು ಹಳೆಯ ಪರೀಕ್ಷೆ ಗೊತ್ತು. ಪಾತ್ರೆಗೆ ಅಯಸ್ಕಾಂತ ಹಿಡಿದು ನೋಡಬೇಕು. ಅಂಟಿದರೆ ಅದರಲ್ಲಿ ಕಬ್ಬಿಣದ ಬೆರಕೆ, ಅಂಟದಿದ್ದರೆ ಅಸಲಿ ಸ್ಟೀಲ್! ಇಂಡಕ್ಷನ್ ಒಲೆ ಮನೆಗೆ ಬಂದ ಮೇಲೆ ಇದೇ ಪರೀಕ್ಷೆ ತಲೆಕೆಳಗಾಗಿದೆ. ಈಗ ಅಯಸ್ಕಾಂತ ಅಂಟಿದ ಪಾತ್ರೆಯನ್ನೇ ಕೊಳ್ಳಿ ಎನ್ನುತ್ತಾರೆ. ಮದುವೆಯಲ್ಲಿ ಹೆಸರು ಕೊರೆಯಿಸಿ ಕೊಟ್ಟ ಒಳ್ಳೆಯ ಪಾತ್ರೆಗಳನ್ನು ಒಲೆಯ ಮೇಲಿಟ್ಟರೆ ಒಲೆ ಬೀಪ್ ಎಂದು ಕೂಗಿ ಸುಮ್ಮನಾಗುತ್ತದೆ. ಅಗ್ಗದ 'ಇಂಡಕ್ಷನ್ ತಳ'ದ ಪಾತ್ರೆ ತಂದರೆ ಬಿಸಿಯೇನೋ ಆಗುತ್ತದೆ, ಆದರೆ ವರ್ಷ ಕಳೆಯುವುದರೊಳಗೆ ತಳ ಉಬ್ಬುತ್ತದೆ, ಇಲ್ಲವೆ ಒಳಗೆ ಸೂಜಿಮೊನೆಯಂಥ ಕುಳಿಗಳು ಬೀಳುತ್ತವೆ.

ಹಾಗಾದರೆ ಯಾವ ಪರೀಕ್ಷೆ ಸರಿ? ಎರಡೂ ಅರ್ಧ ಸತ್ಯ. ಉಕ್ಕನ್ನು ತುಕ್ಕಿನಿಂದ ಚೆನ್ನಾಗಿ ಕಾಪಾಡುವ ರಚನೆ ಒಂದು. ಇಂಡಕ್ಷನ್ ಒಲೆ ಬೇಡುವ ರಚನೆ ಇನ್ನೊಂದು. ಬಾಳಿಕೆಯ ಪಾತ್ರೆಯಲ್ಲಿ ಎರಡೂ ಇರಬೇಕು. ಅದು ಹೇಗೆಂಬುದನ್ನು ತಿಳಿಯಲು ಮೊದಲು ಒಲೆಯೊಳಗೆ ಏನು ನಡೆಯುತ್ತದೆಂದು ನೋಡೋಣ.

ಬೆಂಕಿಯಿಲ್ಲದ ಬಿಸಿ

ಒಲೆಯ ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಚಪ್ಪಟೆ ಸುರುಳಿಯಿದೆ. ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತನ್ನು ಒಲೆಯ ಮಂಡಲವು ಸಾಮಾನ್ಯವಾಗಿ 20ರಿಂದ 40 ಕಿಲೋಹರ್ಟ್ಸ್ ಆವೃತ್ತಿಗೆ ಏರಿಸಿ ಈ ಸುರುಳಿಗೆ ಕೊಡುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರ ಪಾತ್ರೆಯ ತಳವನ್ನು ಹೊಗುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ ತಳದಲ್ಲಿ ಸುಳಿಪ್ರವಾಹಗಳು ಹುಟ್ಟುತ್ತವೆ. ಲೋಹದ ರೋಧದಿಂದಾಗಿ ಈ ಪ್ರವಾಹಗಳು ಉಷ್ಣವಾಗಿ ಮಾರ್ಪಡುತ್ತವೆ. ಅಂದರೆ ಇಲ್ಲಿ ಪಾತ್ರೆಯೇ ಒಲೆ. ಕೆಳಗಿನ ಪೆಟ್ಟಿಗೆ ಬರೀ ಪ್ರೇರಕ.

ಎಲ್ಲ ಲೋಹಗಳಲ್ಲಿಯೂ ಸುಳಿಪ್ರವಾಹ ಹುಟ್ಟುತ್ತದೆ. ಹಾಗಿದ್ದರೆ ಅಲ್ಯೂಮಿನಿಯಮ್ ಪಾತ್ರೆ ಏಕೆ ಬಿಸಿಯಾಗದು? ಇದಕ್ಕೆ ಉತ್ತರ ತ್ವಕ್ ಪರಿಣಾಮದಲ್ಲಿದೆ. ಉಚ್ಚ ಆವೃತ್ತಿಯ ಪ್ರವಾಹ ಲೋಹದ ಆಳಕ್ಕೆ ಇಳಿಯದೆ ಮೇಲ್ಪದರದಲ್ಲಿಯೇ ಹರಿಯುತ್ತದೆ. ಲೋಹದ ಕಾಂತ ಪಾರಗಮ್ಯತೆ ಹೆಚ್ಚಿದಷ್ಟೂ ಈ ಪದರ ತೆಳುವಾಗುತ್ತದೆ. ಆವೃತ್ತಿ 25 ಕಿಲೋಹರ್ಟ್ಸ್ ಎಂದೂ, ಕಾಂತೀಯ ಉಕ್ಕಿನ ಸಾಪೇಕ್ಷ ಪಾರಗಮ್ಯತೆ 200 ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ ಆ ಉಕ್ಕಿನಲ್ಲಿ ಪದರದ ದಪ್ಪ ಸುಮಾರು 0.17 ಮಿ.ಮೀ., ಅಲ್ಯೂಮಿನಿಯಮ್‌ನಲ್ಲಿ ಸುಮಾರು 0.5 ಮಿ.ಮೀ. ಬರುತ್ತದೆ. ಉಕ್ಕಿನ ರೋಧಕತೆಯೂ ಅಲ್ಯೂಮಿನಿಯಮ್‌ನದಕ್ಕಿಂತ 20 ಪಟ್ಟು ಹೆಚ್ಚು. ಎರಡೂ ಸೇರಿ, ಅಷ್ಟೇ ಪ್ರವಾಹ ಹರಿದಾಗ ಕಾಂತೀಯ ಉಕ್ಕಿನಲ್ಲಿ ಹುಟ್ಟುವ ಉಷ್ಣ ಅಲ್ಯೂಮಿನಿಯಮ್‌ನಲ್ಲಿ ಹುಟ್ಟುವುದಕ್ಕಿಂತ ಸುಮಾರು 60 ಪಟ್ಟು ಅಧಿಕ.

ಕಾಂತಗುಣವಿಲ್ಲದ ಸ್ಟೀಲಿನಲ್ಲಿ ಈ ಪದರದ ದಪ್ಪ 2.7 ಮಿ.ಮೀ.ನಷ್ಟು. ಆದರೆ ಸಾಮಾನ್ಯ ಪಾತ್ರೆಯ ತಗಡೇ ಒಂದು ಮಿಲಿಮೀಟರಿಗಿಂತ ತೆಳು. ಕ್ಷೇತ್ರದ ಬಹುಭಾಗ ಅದನ್ನು ತೂರಿ ಹೋಗುತ್ತದೆ. ಒಲೆಯ ಮಂಡಲ ತನಗೆ ಹೊಂದುವ ಪಾತ್ರೆ ಮೇಲಿಲ್ಲವೆಂದು ತಿಳಿದು ನಿಂತುಬಿಡುತ್ತದೆ. ಬೀಪ್ ಸದ್ದಿನ ಅರ್ಥ ಇದೇ.

ನಿಕಲ್ ಮಾಡುವ ಸೋಜಿಗ

ಉಕ್ಕಿಗೆ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಬೆರೆಸಿದರೆ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆ ತಾನಾಗಿ ಮೂಡುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪದ ಈ ಪೊರೆ ಗೀಚಿದರೂ ಗಾಳಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಉಕ್ಕನ್ನು ತಯಾರಿಸಿದ್ದು ಪ್ರಸಿದ್ಧ. ಪಾತ್ರೆಗಳ ಮಟ್ಟಿಗೆ ಮೂರು ಬಗೆಗಳನ್ನು ನೀವು ತಿಳಿದಿದ್ದರೆ ಸಾಕು.

ಒಂದನೆಯದು 304 ದರ್ಜೆ. ಇದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುವುದರಿಂದ 18/8 ಎಂದೂ ಕರೆಯುತ್ತಾರೆ. ನಿಕಲ್ ಸ್ವತಃ ಕಾಂತೀಯ ಲೋಹ. ಸೋಜಿಗವೆಂದರೆ ಅದು ಬೆರೆತಾಗ ಉಕ್ಕು ಕಾಂತಗುಣವನ್ನು ಕಳೆದುಕೊಳ್ಳುತ್ತದೆ! ಕೋಣೆಯ ತಾಪದಲ್ಲಿ ಕಬ್ಬಿಣದ ಪರಮಾಣುಗಳು ಕಾಯಕೇಂದ್ರಿತ ಘನದ ಜೋಡಣೆಯಲ್ಲಿರುತ್ತವೆ. ನಿಕಲ್ ಸೇರಿದಾಗ ಅವು ಮುಖಕೇಂದ್ರಿತ ಘನದ ಜೋಡಣೆಗೆ, ಅಂದರೆ ಆಸ್ಟೆನೈಟ್ ರಚನೆಗೆ ಬರುತ್ತವೆ. ಇದರಲ್ಲಿ ಪರಮಾಣುಗಳ ಕಾಂತೀಯ ಹೊಂದಾಣಿಕೆ ನಿಲ್ಲದು. ತುಕ್ಕು ನಿರೋಧದಲ್ಲಿ ಮಾತ್ರ ಇದು ಉತ್ತಮ.

ಎರಡನೆಯದು 430 ದರ್ಜೆ. ಕ್ರೋಮಿಯಂ ಶೇಕಡಾ 16ರಿಂದ 18. ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. 18/0 ಎಂಬ ಗುರುತು ಇದರದ್ದೇ. ರಚನೆ ಫೆರೈಟ್, ಆದ್ದರಿಂದ ಕಾಂತೀಯ. ಇಂಡಕ್ಷನ್ ಒಲೆಗೆ ತಕ್ಕದ್ದು. ಉಪ್ಪು, ಹುಳಿಗಳನ್ನು 304ರಷ್ಟು ತಾಳಿಕೊಳ್ಳದು.

ಮೂರನೆಯದು 200 ಶ್ರೇಣಿ. ನಿಕಲ್ ದುಬಾರಿಯಾದ್ದರಿಂದ ಅದರ ಬಹುಪಾಲನ್ನು ತೆಗೆದು ಮ್ಯಾಂಗನೀಸ್ ಹಾಕಿದ ಉಕ್ಕು. ಭಾರತದಲ್ಲಿ ಅಗ್ಗದ ಪಾತ್ರೆಗಳಿಗೆ ಇದರ ಬಳಕೆ ಬಹಳ. ಕೆಲವು ಬಗೆಗಳಲ್ಲಿ ನಿಕಲ್ ಶೇಕಡಾ 1ರ ಆಸುಪಾಸಿನಲ್ಲಿದ್ದು ಕ್ರೋಮಿಯಂ ಕೂಡ 304ಕ್ಕಿಂತ ಕಡಿಮೆ. ಮ್ಯಾಂಗನೀಸ್ ಕೂಡ ಆಸ್ಟೆನೈಟ್ ರಚನೆಯನ್ನೇ ಉಳಿಸುತ್ತದೆ. ಹೀಗಾಗಿ ಈ ಪಾತ್ರೆಗೂ ಅಯಸ್ಕಾಂತ ಅಂಟದು! ಹಳೆಯ ಪರೀಕ್ಷೆ ಸೋಲುವುದು ಇಲ್ಲಿಯೇ. ಅಂಟದ ಪಾತ್ರೆ 304 ಆಗಿರಬಹುದು, 200 ಶ್ರೇಣಿಯದೂ ಆಗಿರಬಹುದು. ಹೊಳಪಿನಲ್ಲಿಯೂ ಎರಡಕ್ಕೂ ವ್ಯತ್ಯಾಸ ಕಾಣದು.

ಇನ್ನೊಂದು ಅಂಶ. ಅಪ್ಪಟ 304 ಪಾತ್ರೆಯ ಕಂಠಕ್ಕೋ ತಳದ ಬಾಗಿಗೋ ಅಯಸ್ಕಾಂತ ತುಸು ಅಂಟುವುದನ್ನು ನೀವು ನೋಡಿರಬಹುದು. ತಗಡನ್ನು ಅಚ್ಚಿನಲ್ಲಿ ಒತ್ತಿ ಎಳೆದಾಗ ಆಸ್ಟೆನೈಟಿನ ಸ್ವಲ್ಪ ಭಾಗ ಕಾಂತೀಯವಾದ ಮಾರ್ಟೆನ್‌ಸೈಟ್ ರಚನೆಗೆ ತಿರುಗಿರುತ್ತದೆ. ಅದು ಕಲಬೆರಕೆಯ ಗುರುತಲ್ಲ.

ಮೂರು ಪದರದ ಉಪಾಯ

ಒಳಗೆ ಆಹಾರ ತಾಗುವಲ್ಲಿ 304, ಹೊರಗೆ ಒಲೆಯ ಕಡೆಗೆ 430 ಇದ್ದರೆ ಎರಡೂ ಕೆಲಸ ಆದವಲ್ಲ? ಆದರೆ ಉಕ್ಕು ಉಷ್ಣವನ್ನು ಹರಡುವುದರಲ್ಲಿ ಮಂದ. ಮೀಟರಿಗೆ ಕೆಲ್ವಿನ್ನಿಗೆ ವಾಟ್‌ಗಳಲ್ಲಿ ಹೇಳುವುದಾದರೆ 304ರ ಉಷ್ಣವಾಹಕತೆ ಸುಮಾರು 16, 430ರದು ಸುಮಾರು 25, ಅಲ್ಯೂಮಿನಿಯಮ್‌ನದು ಸುಮಾರು 235. ಸುರುಳಿಯ ನೇರಕ್ಕೆ ತಳದಲ್ಲಿ ಬಳೆಯಾಕಾರದ ಬಿಸಿ ಪಟ್ಟಿ ಏಳುತ್ತದೆ. ಬರೀ ಉಕ್ಕಿನ ತೆಳು ಪಾತ್ರೆಯಲ್ಲಿ ನುಚ್ಚು ಆ ಬಳೆಯ ಉದ್ದಕ್ಕೂ ಸೀದು, ನಡುವೆ ಹಸಿಯಾಗಿ ಉಳಿಯುವುದು ಇದರಿಂದಲೇ. ಆದ್ದರಿಂದ ಎರಡು ಉಕ್ಕಿನ ನಡುವೆ ಅಲ್ಯೂಮಿನಿಯಮ್ ಪದರ ಇಡುತ್ತಾರೆ. ತಳಕ್ಕೆ ಮಾತ್ರ ಇಟ್ಟು ಒತ್ತಿದರೆ 'ಸ್ಯಾಂಡ್‌ವಿಚ್ ತಳ', ಗೋಡೆಯವರೆಗೂ ಮೂರೂ ಪದರ ಇದ್ದರೆ 'ಟ್ರೈಪ್ಲೈ'.

ಪದರಗಳು ಕೂಡಿದಲ್ಲಿಯೇ ಬಾಳಿಕೆಯ ಪ್ರಶ್ನೆಯೂ ಏಳುತ್ತದೆ. 16 ಸೆಂ.ಮೀ. ಅಗಲದ ತಳ 180 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಅಲ್ಯೂಮಿನಿಯಮ್ ಸುಮಾರು 0.66 ಮಿ.ಮೀ. ಹಿಗ್ಗಬಯಸುತ್ತದೆ, 430 ಉಕ್ಕು ಸುಮಾರು 0.30 ಮಿ.ಮೀ. ಮಾತ್ರ. ಪ್ರತಿ ಅಡುಗೆಯಲ್ಲಿಯೂ ಬೆಸುಗೆ ಈ ಎಳೆದಾಟವನ್ನು ತಡೆದುಕೊಳ್ಳಬೇಕು. ಬೆಸುಗೆ ದುರ್ಬಲವಾಗಿದ್ದರೆ ತಳ ಬಿಟ್ಟುಕೊಳ್ಳುತ್ತದೆ ಅಥವಾ ಉಬ್ಬುತ್ತದೆ. ಉಬ್ಬಿದ ತಳ ಗಾಜಿನ ಮೇಲೆ ಸಮನಾಗಿ ಕೂಡದು. ಸುರುಳಿಯಿಂದ ದೂರವಾದ ಭಾಗಕ್ಕೆ ಕ್ಷೇತ್ರ ಕಡಿಮೆ ತಲುಪುತ್ತದೆ.

ಖಾಲಿ ಪಾತ್ರೆಯನ್ನು ಒಲೆಯ ಮೇಲಿಡಬಾರದೆನ್ನುವುದು ಇದಕ್ಕಾಗಿಯೇ. 300 ಗ್ರಾಂ ಉಕ್ಕಿನ ತಳಕ್ಕೆ 1500 ವಾಟ್ ಸೇರಿದರೆ, ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದಾಗ, ತಾಪ ಸೆಕೆಂಡಿಗೆ ಸುಮಾರು 10 ಡಿಗ್ರಿ ಏರುತ್ತದೆ. ಒಗ್ಗರಣೆಯ ಸಾಸಿವೆ ಹುಡುಕುವ ಅರ್ಧ ನಿಮಿಷದಲ್ಲಿ ತಳ 300 ಡಿಗ್ರಿಯ ಹತ್ತಿರ ಹೋಗಬಹುದು. ಅದರ ಮೇಲೆ ತಣ್ಣೀರು ಸುರಿದರಂತೂ ಬೆಸುಗೆಗೆ ಇನ್ನಷ್ಟು ಪೆಟ್ಟು.

ಕೊಳ್ಳುವಾಗ ಏನು ನೋಡಬೇಕು?

ಅಂಗಡಿಗೆ ಹೋಗುವಾಗ ಒಂದು ಚಿಕ್ಕ ಅಯಸ್ಕಾಂತ ಮತ್ತು ಒಂದು ಅಳತೆಪಟ್ಟಿ ಒಯ್ಯಿರಿ.

1. ಅಯಸ್ಕಾಂತವನ್ನು ತಳದ ನಡುವೆ, ತಳದ ಅಂಚಿನಲ್ಲಿ, ಗೋಡೆಯ ಒಳಮೈಯಲ್ಲಿ ಹಿಡಿದು ನೋಡಿ. ತಳದಲ್ಲಿ ಎಲ್ಲೆಡೆ ಗಟ್ಟಿಯಾಗಿ ಅಂಟಬೇಕು. ತಳಕ್ಕೆ ಅಂಟಿ ಗೋಡೆಗೆ ಅಂಟದಿದ್ದರೆ ಎರಡು ಬಗೆಯ ಉಕ್ಕು ಬಳಸಿದ್ದಾರೆಂದು ತಿಳಿಯಿರಿ. ಎಲ್ಲೆಡೆ ಗಟ್ಟಿಯಾಗಿ ಅಂಟಿದರೆ ಅದು ಇಡೀ 430 ಇರಬಹುದು, ಟ್ರೈಪ್ಲೈ ಕೂಡ ಇರಬಹುದು. ಕಂಠದ ಅಂಚಿನಲ್ಲಿ ಮೂರು ಪದರದ ಗೆರೆ ಕಾಣುವುದೇ ನೋಡಿ.

2. ಒಳಗಿನ ಉಕ್ಕಿನ ದರ್ಜೆ ಅಯಸ್ಕಾಂತದಿಂದ ತಿಳಿಯದು. 304 ಅಥವಾ 18/8 ಎಂಬ ಗುರುತನ್ನು ಪಾತ್ರೆಯ ಮೇಲೆ ಹುಡುಕಿ; ಬಿಲ್ಲಿನಲ್ಲಿಯೂ ಬರೆಯಿಸಿಕೊಳ್ಳಿ. ಸ್ಟೀಲ್ ಅಡುಗೆ ಪಾತ್ರೆಗಳಿಗೆ ಐಎಸ್ 14756 ಎಂಬ ಭಾರತೀಯ ಮಾನಕವಿದೆ. ಇದರ ಪ್ರಕಾರ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿತು. ಆ ಗುರುತಿನ ಜೊತೆಗೆ ದರ್ಜೆಯನ್ನೂ ಕೇಳುವುದು ಗ್ರಾಹಕರ ಹಕ್ಕು.

3. ಅಳತೆಪಟ್ಟಿಯ ಅಂಚನ್ನು ತಳಕ್ಕೆ ಅಡ್ಡಲಾಗಿ ಹಿಡಿಯಿರಿ. ತಣ್ಣಗಿರುವಾಗ ನಡುವೆ ಕೂದಲೆಳೆಯಷ್ಟು ಒಳಬಾಗಿದ್ದರೆ ದೋಷವಲ್ಲ. ಬಿಸಿಯಾದಾಗ ಸಮವಾಗಲೆಂದೇ ಹಾಗೆ ಮಾಡಿರುತ್ತಾರೆ. ಹೊರಕ್ಕೆ ಉಬ್ಬಿ ಪಾತ್ರೆ ಗಿರಗಿರ ತಿರುಗಿದರೆ ಬೇಡ.

4. ತಳದ ಸುತ್ತ ಬೆಸುಗೆಯ ಅಂಚನ್ನು ಉಗುರಿನಿಂದ ತಡವಿ. ಸಂದು ಇದ್ದರೆ ನೀರು, ಸಾಬೂನು ಒಳಹೊಕ್ಕು ಅಲ್ಯೂಮಿನಿಯಮನ್ನು ತಿನ್ನುತ್ತವೆ. ಅಲ್ಯೂಮಿನಿಯಮ್ ಪಾತ್ರೆಗೆ ತೂತುಗಳಿರುವ ತೆಳು ಉಕ್ಕಿನ ಬಿಲ್ಲೆ ಒತ್ತಿರುವುದಕ್ಕಿಂತ ಪೂರ್ತಿ ಮುಚ್ಚಿದ ಸ್ಯಾಂಡ್‌ವಿಚ್ ತಳ ಮೇಲು.

5. ಕಾಂತೀಯ ತಳದ ಅಗಲ ಕನಿಷ್ಠ 12 ಸೆಂ.ಮೀ. ಇರಲಿ. ದುಂಡು ತಳದ ಬೋಗುಣಿ ಈ ಒಲೆಗೆ ಸಲ್ಲದು.

ಉಪ್ಪು, ಹುಳಿ, ಗಡಸು ನೀರು

ಒಳ್ಳೆಯ 304 ಪಾತ್ರೆಯನ್ನೂ ಕೆಡಿಸಬಲ್ಲದ್ದು ಉಪ್ಪಿನ ಕ್ಲೋರೈಡ್. ತಣ್ಣೀರಿಗೆ ಉಪ್ಪು ಹಾಕಿದಾಗ ಹರಳುಗಳು ತಳದಲ್ಲಿ ಕೂಡುತ್ತವೆ. ಅವುಗಳ ಕೆಳಗೆ ಕ್ಲೋರೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಪೊರೆ ಹರಿದಲ್ಲಿ ಮತ್ತೆ ಕೂಡಿಕೊಳ್ಳದೆ ಕುಳಿ ಬೀಳುತ್ತದೆ. ಕ್ರೋಮಿಯಂ, ನಿಕಲ್ ಕಡಿಮೆಯಿರುವ ಉಕ್ಕಿನಲ್ಲಿ ಇದು ಬೇಗ ಆಗುತ್ತದೆ. ನೀರು ಕುದಿದ ಮೇಲೆ ಉಪ್ಪು ಹಾಕಿ ಕಲಕಿ. ಹುಣಸೆಹುಳಿಯ ಸಾರನ್ನು ರಾತ್ರಿಯಿಡೀ ಅದರಲ್ಲಿಯೇ ಬಿಡಬೇಡಿ.

ಬಯಲುಸೀಮೆಯ ಹಲವೆಡೆ ಕೊಳವೆಬಾವಿಯ ನೀರು ಗಡಸು. ಕಾಯಿಸಿದಾಗ ತಳದಲ್ಲಿ ಕೂಡುವ ಬಿಳಿ ಹೊಪ್ಪಳೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ತುಕ್ಕಲ್ಲ. ನಿಂಬೆರಸ ಅಥವಾ ಹುಣಸೆನೀರು ಹಾಕಿ ತುಸು ಹೊತ್ತು ಬಿಟ್ಟು ತೊಳೆದರೆ ಹೋಗುತ್ತದೆ. ಕಾಮನಬಿಲ್ಲಿನ ಬಣ್ಣಗಳು ಕಂಡರೂ ಹೆದರಬೇಕಿಲ್ಲ. ಬಿಸಿಗೆ ಆಕ್ಸೈಡ್ ಪೊರೆ ದಪ್ಪವಾದದ್ದರ ಗುರುತು ಅದು. ಉಕ್ಕಿನ ನಾರಿನಿಂದ ಮಾತ್ರ ಉಜ್ಜಬೇಡಿ. ಅದರ ಚೂರುಗಳು ಪಾತ್ರೆಯಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ.

ಮಾಡಿ ನೋಡಿ

ಪಾತ್ರೆಯ ದಕ್ಷತೆಯನ್ನು ಮನೆಯ ವಿದ್ಯುತ್ ಮೀಟರಿನಿಂದಲೇ ಅಳೆಯಬಹುದು. ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಬಾರಿ ಮಿನುಗುತ್ತದೆಂದು ಬರೆದಿರುತ್ತದೆ. 3200 ಎಂದಿದ್ದರೆ ಒಂದು ಮಿನುಗಿಗೆ 1125 ಜೌಲ್ ಶಕ್ತಿ. ಮನೆಯ ಉಳಿದ ಉಪಕರಣಗಳನ್ನೆಲ್ಲ ಆರಿಸಿ. ಪಾತ್ರೆಯಲ್ಲಿ ಒಂದು ಲೀಟರ್ ನೀರಿಟ್ಟು, ಮುಚ್ಚಳ ಹಾಕಿ, 25ರಿಂದ 85 ಡಿಗ್ರಿಗೆ ಕಾಯಿಸಿ. ಒಬ್ಬರು ತಾಪಮಾಪಕ ನೋಡಲಿ, ಇನ್ನೊಬ್ಬರು ಮೀಟರನ್ನು ಮುಟ್ಟದೆ ಮಿನುಗು ಎಣಿಸಲಿ. ನೀರು ಪಡೆದ ಶಕ್ತಿ ಸುಮಾರು 2,51,000 ಜೌಲ್, ಎಂದರೆ 223 ಮಿನುಗು. ನಿಮ್ಮ ಎಣಿಕೆ 270 ಬಂದರೆ ದಕ್ಷತೆ ಶೇಕಡಾ 83.

ಇದನ್ನೇ ಬೇರೆ ಬೇರೆ ಪಾತ್ರೆಗಳಲ್ಲಿ ಮಾಡಿ ಕೋಷ್ಟಕ ಬರೆಯಿರಿ. ದಪ್ಪ ತಳದ ಪಾತ್ರೆ ಈ ಪಂದ್ಯದಲ್ಲಿ ತುಸು ಹಿಂದೆ ಬೀಳಬಹುದು. 700 ಗ್ರಾಂ ಉಕ್ಕನ್ನು ಅಷ್ಟೇ ಬಿಸಿ ಮಾಡಲು 21,000 ಜೌಲ್ ಬೇಕಲ್ಲವೆ? ಅನಂತರ ಒಣ ಪಾತ್ರೆಗೆ ಒಂದು ಚಮಚ ಗೋದಿಹಿಟ್ಟನ್ನು ತೆಳುವಾಗಿ ಹರಡಿ, ಅತ್ಯಂತ ಕಡಿಮೆ ಶಾಖದಲ್ಲಿ, ಹತ್ತಿರವೇ ನಿಂತು ಕಾಯಿಸಿ; ಕೆಂಪಗಾಗತೊಡಗಿದ ಕೂಡಲೇ ಆರಿಸಿ. ತೆಳು ಪಾತ್ರೆಯಲ್ಲಿ ಹಿಟ್ಟು ಬಳೆಯಾಕಾರವಾಗಿ ಕೆಂಪಾಗುತ್ತದೆ. ಮೂರು ಪದರದ ಪಾತ್ರೆಯಲ್ಲಿ ಹೆಚ್ಚು ಸಮವಾಗಿ. ಎರಡೂ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ, ನಿಮ್ಮ ಮನೆಗೆ ಯಾವ ಪಾತ್ರೆ ತಕ್ಕದ್ದೆಂದು ತರಗತಿಯಲ್ಲಿ ಚರ್ಚಿಸಿ.